ಹೊತ್ತು ಮುಳುಗುವ ಮೊದಲಿನ ಹೆವಿ ಮೆಟಲ್

ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಬೆಲ್ಲದ ಗಡಿಗೆ ಮತ್ತು ಹುಣಸೆಹಣ್ಣಿನ ಭರಣಿಯ ನಡುವೆ, ಮದುವೆಯೂಟ ಮುಗಿಸಿದ ಬೀಗರಂತೆ ಹೊಟ್ಟೆ ಬಿಟ್ಟುಕೊಂಡು ಕುಳಿತಿರುವ ಒಂದು ತಗಡಿನ ಚುರಮುರಿ ಡಬ್ಬಿಯಿದೆ. ಅದರ ಮುಚ್ಚಳದ ಮೇಲೆ ಎರಡು ನೆಗ್ಗುಗಳಿವೆ. ಎಡಗಡೆಯದನ್ನು ನನ್ನ ಆಯಿ, ಅಂದರೆ ಅಪ್ಪನ ತಾಯಿ, ಪಾಪದ ತೆಗ್ಗು ಎನ್ನುತ್ತಾಳೆ; ಬಲಗಡೆಯದು ಪುಣ್ಯದ ತೆಗ್ಗು. ಎಡಗಡೆಯದು ನನ್ನದು. ಬಲಗಡೆಯದು ನನ್ನದಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಪುಣ್ಯ ಎಂಬ ಮಾತಿನ ಹತ್ತಿರ ನನ್ನ ಹೆಸರು ಸುಳಿದದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿಲ್ಲ. ಎರಡರ ನಡುವೆ ನಾಲ್ಕು ಬೆರಳಿನ ಅಂತರ. ಆ ನಾಲ್ಕು ಬೆರಳಿನ ಜಾಗದಲ್ಲಿ ಬೆಳಗಾವಿ-ಖಾನಾಪುರ ಸೀಮೆಯ ಮೊದಲ ಕ್ರಿಶ್ಚಿಯನ್ ಹೆವಿ ಮೆಟಲ್ ಬ್ಯಾಂಡಿನ ಸಮಗ್ರ ಇತಿಹಾಸ ಅಡಗಿದೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ನಾನು ಹೇಳುವುದರಲ್ಲಿ ಅರ್ಧ ಕಳೆದು ನಂಬುವುದು ನಮ್ಮ ಓಣಿಯ ರೂಢಿ. ಅದಕ್ಕೇ ನಾನು ಎಲ್ಲವನ್ನೂ ಎರಡರಷ್ಟು ಮಾಡಿ ಹೇಳುತ್ತೇನೆ, ಕೇಳುವವರಿಗೆ ನಷ್ಟವಾಗದಿರಲಿ ಎಂದು.

ನಮ್ಮ ಓಣಿಗೆ ಮೊದಲ ಬಣ್ಣದ ಟಿವಿ ಬಂದ ವರ್ಷ ಇದೆಲ್ಲ ಶುರುವಾಯಿತು. ನನ್ನ ಬೆಂಚಿನ ಗೆಳೆಯ ಸಂತಾನ ಖಾನಾಪುರದವನು. ದಿನಾ ಬೆಳಿಗ್ಗೆ ಸಣ್ಣ ಗೇಜಿನ ಪ್ಯಾಸೆಂಜರ್ ಗಾಡಿಯಲ್ಲಿ ಬೆಳಗಾವಿಗೆ ಬಂದು ಕಾಲೇಜು ಮುಗಿಸಿ ಮರಳುತ್ತಿದ್ದ. ಅವನಿಗೆ ಹಡಗಿನ ಮೇಲೆ ಕೆಲಸ ಮಾಡುವ ಒಬ್ಬ ಮಾಮನಿದ್ದ. ಹಡಗಿನ ಮಾಮ ಇರುವವರ ಮುಖದ ಮೇಲೆಯೇ ಒಂದು ಬೇರೆ ಕಳೆ ಇರುತ್ತದೆ, ನೀವು ನೋಡಿರಬಹುದು. ನನ್ನ ಮಾಮ ನಿಪ್ಪಾಣಿಯಲ್ಲಿ ಕಿರಾಣಿ ಅಂಗಡಿ ಇಟ್ಟವನಾದ್ದರಿಂದ ನಾನು ಆ ಕಳೆಯಿಂದ ವಂಚಿತ. ಆ ಮಾಮ ತಂದ ಒಂದು ಕ್ಯಾಸೆಟ್ಟನ್ನು ಸಂತಾನ ಕರವಸ್ತ್ರದಲ್ಲಿ ಸುತ್ತಿ, ಮೊಟ್ಟೆಯನ್ನು ತರುವಂತೆ ತಂದು, ನನ್ನ ಕಿವಿಗೆ ಹಾಕಿದ. ಮೊದಲು ಒಂದು ಲಾರಿ ಘಟ್ಟ ಹತ್ತಿದಂತಾಯಿತು. ಆಮೇಲೆ ಅದೇ ಲಾರಿ ಘಟ್ಟದಿಂದ ಉರುಳಿತು. ಉರುಳಿದ ಲಾರಿಯ ಕೆಳಗಿನಿಂದ ಯಾರೋ ಒಬ್ಬ ಪ್ರಾಣ ಹೋಗುವಂತೆ ಕೂಗತೊಡಗಿದ.

"ಯಾರ್ಲೇ ಇಂವ? ಯಾಕ ಇಷ್ಟ ಚೀರಾಕತ್ತಾನ?"

"ಪ್ರಾರ್ಥನಾ ಮಾಡಾಕತ್ತಾನೋ," ಎಂದ ಸಂತಾನ, ಗಂಭೀರವಾಗಿ. "ದೇವರ ಹಾಡು ಇದು. ಹೆವಿ ಮೆಟಲ್ ಅಂತಾರ."

ಗೆಳೆಯರೆ, ನಾನು ಜೈನರ ಮನೆಯವನು. ನಮ್ಮ ದೇವರ ಎದುರು ಉಸಿರನ್ನೂ ಮೆಲ್ಲಗೆ ಬಿಡಬೇಕು, ಗಾಳಿಯಲ್ಲಿರುವ ಸಣ್ಣ ಜೀವಕ್ಕೆ ನೋವಾದೀತು. ಅಂಥವನಿಗೆ, ದೇವರೊಡನೆ ಈ ಧ್ವನಿಯಲ್ಲಿಯೂ ಮಾತಾಡಬಹುದು ಎಂಬ ಸುದ್ದಿ ತಲುಪಿದರೆ ಏನಾಗಬೇಡ? ಆ ರಾತ್ರಿ ಬಹಳ ಯೋಚಿಸಿದೆ. ದೇವರು ಮಂದಿಯ ಪಿಸುಮಾತುಗಳನ್ನೇ ಸಾವಿರಾರು ವರ್ಷ ಕೇಳಿ ಕೇಳಿ ಜೋಲಿ ಹೊಡೆಯುತ್ತಿದ್ದಾನು; ಯಾರಾದರೊಬ್ಬ ಮನೆಯ ಹುಡುಗ ಬಂದು ಬಾಗಿಲು ದಬದಬ ಬಡಿದರೆ ಸಿಟ್ಟಾಗುವುದಕ್ಕಿಂತ ಎದ್ದು ಬಂದು ಯಾರೆಂದು ನೋಡುವ ಸಂಭವವೇ ಹೆಚ್ಚು. ಈ ತತ್ವವನ್ನು ಮರುದಿನ ಸಂತಾನನಿಗೆ ಹೇಳಿದಾಗ ಅವನು ತನ್ನ ಧರ್ಮಗ್ರಂಥದ ಒಂದು ಕಥೆ ಹೇಳಿದ: ಜನರೆಲ್ಲ ಒಂದು ಕೋಟೆಯನ್ನು ಸುತ್ತು ಹಾಕಿ ಹಾಕಿ, ಏಳನೆಯ ದಿನದ ಏಳನೆಯ ಸುತ್ತಿಗೆ ಕಹಳೆ ಊದಿ ಒಟ್ಟಿಗೆ ಕೂಗಿದರಂತೆ, ಕೋಟೆಯ ಗೋಡೆಯೇ ಬಿದ್ದುಹೋಯಿತಂತೆ. ಗದ್ದಲಕ್ಕೆ ಇದಕ್ಕಿಂತ ದೊಡ್ಡ ಲೈಸೆನ್ಸ್ ಎಲ್ಲಿ ಸಿಕ್ಕೀತು? ಅಲ್ಲಿಯೇ ನಮ್ಮ ಬ್ಯಾಂಡಿಗೆ 'ಏಳನೇ ಸುತ್ತು' ಎಂದು ಹೆಸರಿಟ್ಟೆವು.

ಸಂತಾನನ ಹತ್ತಿರ ಮಾಮ ಕೊಟ್ಟ ಗಿಟಾರ್ ಇತ್ತು. ಕರೆಂಟಿನ ಕೆಲಸಕ್ಕೆ ಶಿವಬಸವ ನಗರದ ಬಸು ಬಂದ. ಅವನ ಅಪ್ಪ ರೇಡಿಯೋ ರಿಪೇರಿ ಮಾಡುವವರು. ಬಸು ಹುಟ್ಟಿದಾಗ ಅತ್ತದ್ದಕ್ಕಿಂತ ಗೊರಗೊರ ಎಂದದ್ದೇ ಹೆಚ್ಚು ಎಂದು ನಾನು ಹೇಳುತ್ತಿರುತ್ತೇನೆ. ಸತ್ತ ರೇಡಿಯೋಗಳ ಕರುಳು ಕೂಡಿಸಿ ಅವನೊಂದು ಆಂಪ್ಲಿಫೈಯರ್ ಕಟ್ಟಿದ, ನಾಲ್ಕು ತಂತಿಯ ಗಿಟಾರನ್ನೂ ತಾನೇ ಬಾರಿಸಿದ. ಅವನು ಮೈಮರೆತು ತಲೆ ಕುಣಿಸಿದರೆ ಕೊರಳಲ್ಲಿಯ ಇಷ್ಟಲಿಂಗದ ಬೆಳ್ಳಿ ಕರಡಿಗೆಯೂ ತಾಳಕ್ಕೆ ಸರಿಯಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಿತ್ತು. ಹೀಗೆ ಒಬ್ಬ ಕಥೊಲಿಕ, ಒಬ್ಬ ಲಿಂಗವಂತ, ಒಬ್ಬ ಜೈನ. ಕ್ರಿಶ್ಚಿಯನ್ ಬ್ಯಾಂಡಿನಲ್ಲಿ ಕ್ರಿಶ್ಚಿಯನ್ ಇದ್ದದ್ದು ಮೂರನೆಯ ಒಂದು ಪಾಲು.

ಉಳಿದದ್ದು ಡ್ರಮ್ಮು, ಅಂದರೆ ನಾನು. ಆಯಿಯ ಅಪ್ಪಣೆ ಇಲ್ಲದೆ ನಮ್ಮ ಮನೆಯಲ್ಲಿ ಬೆಕ್ಕೂ ಮಗ್ಗುಲಾಗುವುದಿಲ್ಲ. ಆಯಿ ಕೂತು ಎಲ್ಲವನ್ನೂ ಕೇಳಿ, ಎರಡು ಶರತ್ತು ಹಾಕಿದಳು.

"ಒಂದು, ಚರ್ಮದ ವಾದ್ಯ ಮುಟ್ಟಬಾರದು. ಎರಡು, ಚಾತುರ್ಮಾಸದ ನಾಕ ತಿಂಗಳು ಹೊತ್ತ ಮುಳಗೂದ್ರಾಗ ಉಂಡಿರಬೇಕು. ಮುಳಗಿತಂದ್ರ ಮುಗೀತು, ನೀರೂ ಇಲ್ಲ. ಇದನ್ನ ಪಾಳಸ್ತೀ ಅಂದ್ರ ಆ ಯೇಸಪ್ಪಂದರ ಹಾಡು, ಯಾರದರ ಹಾಡು. ದೇವರಿಗೇನ್ ಕಿವಿ ಕಡಿಮಿ ಅದಾವೇನು?"

ಚರ್ಮವಿಲ್ಲದ ಡ್ರಮ್ಮಿಗೆ ದಾರಿ ತೋರಿಸಿದವನು ಬಸು. ಸದಾಶಿವನಗರದ ಡಾಕ್ಟರೊಬ್ಬರಿಂದ ಹಳೆಯ ಎಕ್ಸ್‌ರೇ ಹಾಳೆಗಳನ್ನು ಬೇಡಿ ತಂದು, ಎಣ್ಣೆ ಡಬ್ಬಿಗಳ ಬಾಯಿಗೆ ಬಿಗಿದು ಕಟ್ಟಿದ. ನಾನು ಬಾರಿಸುವಾಗ ಕಣ್ಣೆದುರು ಯಾರದೋ ಪಕ್ಕೆಲುಬು, ಇನ್ಯಾರದೋ ಮೊಣಕಾಲು. ಆಯಿ ಅದನ್ನು ಬೆಳಕಿಗೆ ಹಿಡಿದು ನೋಡಿ ಬೆಚ್ಚಿಬಿದ್ದಳು.

"ಇದರಾಗ ಎಲುಬ ಕಾಣತಾವಲ್ಲೋ ಪದ್ಮಾ!"

"ಫೋಟೋ ಆಯಿ ಅದು. ಬರೇ ಫೋಟೋ."

ಎಲುಬು ನಿಷಿದ್ಧ, ಸರಿ. ಎಲುಬಿನ ಫೋಟೋ ನಿಷಿದ್ಧವೇ? ಈ ಪ್ರಶ್ನೆಯ ಮೇಲೆ ಆಯಿ ಎರಡು ದಿನ ಧ್ಯಾನ ಮಾಡಿ, ನಮ್ಮ ಗೋಡೆಯ ಮೇಲೆ ತೂಗುವ ಅಜ್ಜನ ಫೋಟೋದಲ್ಲಿಯೂ ಒಳಗೆ ಎಲುಬು ಇದ್ದೇ ಇದೆಯಲ್ಲ ಎಂಬ ನಿರ್ಣಯಕ್ಕೆ ಬಂದು, ಪರವಾನಗಿ ಕೊಟ್ಟಳು. ಶಾಸ್ತ್ರಚರ್ಚೆ ಎಂದರೆ ಇದು.

ಮೊದಲ ತಾಲೀಮು ನಮ್ಮ ಮನೆಯಲ್ಲೇ ನಡೆಯಿತು, ಕೊನೆಯದೂ ಅದೇ. ಎಕ್ಸ್‌ರೇ ಡ್ರಮ್ಮು ದಡ್ ಎನ್ನುತ್ತಿತ್ತೇ ಹೊರತು ಠಣ್ ಎನ್ನುತ್ತಿರಲಿಲ್ಲ. ಠಣ್ ಬೇಕಾಗಿತ್ತು. ಕಣ್ಣು ಮೇಲಿನ ಹಲಗೆಗೆ ಹೋಯಿತು. ಚುರಮುರಿ ಡಬ್ಬಿ! ಇಳಿಸಿದವನೇ ಮುಚ್ಚಳದ ಅಂಚಿಗೆ ಎಂಥ ಏಟು ಹಾಕಿದೆನೆಂದರೆ ಬಾಜು ಮನೆಯ ಕಾಕಾ ಗೋಡೆಯ ಮೇಲಿಂದ ಇಣುಕಿ, "ಏನೋ ಪದ್ದು, ಡಬ್ಬಿ ಏನ್ ತಪ್ಪ ಮಾಡೇತಪಾ? ಹಿಂಡಲಗಾ ಜೈಲಿನ್ಯಾಗೂ ಇಷ್ಟ ಬಡಿಯಂಗಿಲ್ಲೋ!" ಎಂದರು. ಪಾಪದ ತೆಗ್ಗು ಹುಟ್ಟಿದ್ದು ಹೀಗೆ. ಅಂದಿನಿಂದ ಆ ಮುಚ್ಚಳ ಒಂದು ಕಡೆ ಬಾಯಿ ಬಿಟ್ಟುಕೊಂಡೇ ಕೂತಿತು, ಕುಡಿದು ಮಲಗಿದವನ ತುಟಿಯಂತೆ. ನಮ್ಮೂರ ಮಳೆಗಾಲ ನಿಮಗೆ ಗೊತ್ತಲ್ಲ. ಆ ಸಂದಿಯಿಂದ ಹವೆ ಹೊಕ್ಕು ಚುರಮುರಿಯೆಲ್ಲ ಒದ್ದೆ ಹತ್ತಿಯಂತಾಯಿತು. ದಿನಾ ಸಂಜೆ ಐದಕ್ಕೆ ಚುರಮುರಿ ಒಗ್ಗರಣೆ ಹಾಕುವ ಆಯಿ ದಿನಾ ಸಂಜೆ ಐದಕ್ಕೆ ನನ್ನನ್ನೂ ಒಗ್ಗರಣೆ ಹಾಕತೊಡಗಿದಳು.

ತಾಲೀಮು ಖಾನಾಪುರಕ್ಕೆ ವರ್ಗವಾಯಿತು. ಸಂತಾನನ ಅಪ್ಪ ಇನಾಸ ಮಾಸ್ತರರು ಅಲ್ಲಿಯ ಒಂದು ಹಂಚಿನ ಕಾರಖಾನೆಯಲ್ಲಿ ಮೇಸ್ತ್ರಿ. ಮಾಸ್ತರ ಎಂಬ ಬಿರುದು ಹಂಚಿನಿಂದ ಬಂದದ್ದಲ್ಲ, ಪಿಟೀಲಿನಿಂದ ಬಂದದ್ದು. ಮೂವತ್ತು ವರ್ಷಗಳಿಂದ ಅವರು ಊರ ಚರ್ಚಿನಲ್ಲಿ ಪಿಟೀಲು ಹಿಡಿದು ಹಾಡುಗಾರರ ಮೇಳ ನಡೆಸಿಕೊಂಡು ಬಂದವರು. ರವಿವಾರ ಕಾರಖಾನೆಗೆ ಸೂಟಿ. ಹಸಿ ಹಂಚುಗಳನ್ನು ಒಣಗಲು ಜೋಡಿಸಿಟ್ಟ ಉದ್ದನೆಯ ಶೆಡ್ಡಿನ ಒಂದು ಮೂಲೆಯಲ್ಲಿ ಆಡಿಕೊಳ್ಳಿರಿ ಎಂದು ಅವರು ಒಪ್ಪಿದರು, ಒಂದು ಮಾತಿನ ಮೇಲೆ: "ಒಂದ ಹಂಚ ಒಡದ್ರೂ ನಿಮ್ಮ ಮೂರೂ ಮಂದಿ ತಲಿ ಮ್ಯಾಲೆ ಹೊದಿಸಿ ಕಳಸ್ತೀನಿ."

ಆ ಶೆಡ್ಡನ್ನು ನೀವೊಮ್ಮೆ ನೋಡಬೇಕು. ನೆಲದಿಂದ ಮಾಡಿನವರೆಗೆ ಮರದ ಅಟ್ಟಣೆಗಳು, ಅಟ್ಟಣೆಯ ತುಂಬ ಸಾಲು ಸಾಲು ಹಸಿ ಹಂಚು. ಮಳೆಗಾಲದಲ್ಲಿ ಬೇಗ ಒಣಗದೆ ಅವು ವಾರಗಟ್ಟಲೆ ತಣ್ಣಗೆ, ಕಂದು ಬಣ್ಣದ ಮೌನದಲ್ಲಿ, ಒಂದರ ಬೆನ್ನಿಗೊಂದು ಮಲಗಿರುತ್ತಿದ್ದವು. ಮಣ್ಣಿನ ವಾಸನೆ ಎಷ್ಟು ದಟ್ಟವಾಗಿತ್ತೆಂದರೆ ಅಲ್ಲಿ ಆಕಳಿಸಿದರೆ ಹೊಟ್ಟೆ ತುಂಬುತ್ತಿತ್ತು. ನಾವು ಬಾರಿಸತೊಡಗಿದೆವು. ಏನೋ ಕಡಿಮೆಯೆನಿಸಿತು. ಲಾರಿ ಘಟ್ಟ ಹತ್ತುವ ಬದಲು ಎತ್ತಿನ ಗಾಡಿ ಗದ್ದೆಯಲ್ಲಿ ಸಾಗಿದಂತಿತ್ತು. ಬಸು ಇನ್ನೊಂದು ರೇಡಿಯೋದ ಕರುಳು ಸೇರಿಸಿದ. ಮುಂದಿನ ವಾರ ಮತ್ತೊಂದು ಸ್ಪೀಕರ್ ತಂದ. ಅದರ ಮುಂದಿನ ವಾರ, ಯಾರದೋ ಮದುವೆ ಮಂಟಪದಿಂದ ನಿವೃತ್ತಿಯಾದ ಕಹಳೆ ಬಾಯಿಯ ಲೌಡ್‌ಸ್ಪೀಕರ್. ಆದರೂ ಹದವಾಗಿಯೇ ಕೇಳುತ್ತಿತ್ತು. ನಮ್ಮದು ಸೌಮ್ಯ ಸ್ವಭಾವದ ಬ್ಯಾಂಡು ಎಂದು ಮೂವರೂ ನಂಬಿದೆವು.

ಐದು ಗಂಟೆಗೆ ತಾಲೀಮು ನಿಲ್ಲುತ್ತಿತ್ತು, ನಾನು ಡಬ್ಬಿ ಬಿಚ್ಚಬೇಕಲ್ಲ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟೆ ಇಲ್ಲ. ಮೊದಮೊದಲು ಉಳಿದಿಬ್ಬರೂ ನನ್ನನ್ನು ಕೋಳಿಗೆ ಹೋಲಿಸಿದರು, ಹೊತ್ತು ಮುಳುಗುವ ಮೊದಲು ಗೂಡು ಸೇರುವವನು ಎಂದು. ನಾಲ್ಕು ವಾರದಲ್ಲಿ ಆಯಿಯ ಚಟ್ನಿ ಅವರ ಧರ್ಮಪರಿವರ್ತನೆ ಮಾಡಿತು. ಆಯಿ ಮೂವರಿಗೂ ಕಟ್ಟತೊಡಗಿದಳು. ಜಗತ್ತಿನ ಹೆವಿ ಮೆಟಲ್ ಬ್ಯಾಂಡುಗಳೆಲ್ಲ ಎಚ್ಚರವಾಗುವ ಹೊತ್ತಿಗೆ ನಾವು ಉಂಡು, ಕೈ ತೊಳೆದು, ಮನೆಯ ದಾರಿ ಹಿಡಿದಿರುತ್ತಿದ್ದೆವು.

ಹಾಡು ಸಿಕ್ಕದ್ದೂ ಆ ಶೆಡ್ಡಿನಲ್ಲಿಯೇ. ಕ್ಯಾಸೆಟ್ಟಿನ ಹಾಡುಗಳ ಅರ್ಥ ನಮಗೇ ಪೂರ್ತಿ ಆಗುತ್ತಿರಲಿಲ್ಲ, ಇನ್ನು ಊರವರಿಗೆ ಎಲ್ಲಿಂದ? ಒಂದು ರವಿವಾರ ಸಂತಾನ ಹಸಿ ಹಂಚೊಂದರ ಮೇಲೆ ಬೆರಳಿಟ್ಟು, ಅದು ಮೂಡಿಸಿಕೊಂಡ ಗುರುತನ್ನು ಬಹಳ ಹೊತ್ತು ನೋಡುತ್ತ ಕುಳಿತ. "ಇದರಂಗ ಒಂದ ಹಾಡ ಬೇಕಲೇ," ಎಂದ. ನಾನು ಬರೆದೆ, ಅವನು ತಿದ್ದಿದ, ಬಸು ಆಕ್ಷೇಪಿಸಿದ:

ಹಸಿ ಮಣ್ಣು ನಾನು, ನಿನ್ನ ಕೈಯೆ ಅಚ್ಚು,
ಬಿರಿಯದಂತೆ ಸುಡು ದೇವಾ, ನಿನ್ನ ಬೆಂಕಿ ಹಚ್ಚು.

ಇದನ್ನು ಸಂತಾನ ಗಂಟಲು ಹರಿಯುವಂತೆ ಕೂಗಿದಾಗ ನನ್ನ ಮೈ ಮೇಲೆ ಮುಳ್ಳೆದ್ದವು. ಕೀಟಲೆಗಾಗಿ ಬಂದ ನಾನು, ಅವನಿಗೆ ಇದು ಕೀಟಲೆಯಲ್ಲ ಎಂಬುದನ್ನು ಕಂಡದ್ದು ಅಂದೇ. ಅವನ ಕಣ್ಣು ಮುಚ್ಚಿದ್ದವು.

ಆದರೆ ಇನಾಸ ಮಾಸ್ತರರಿಗೆ ಅದೆಲ್ಲ ಕಾಣುತ್ತಿರಲಿಲ್ಲ. ಮಗ ಪಿಟೀಲು ಹಿಡಿದು ತನ್ನ ನಂತರ ಮೇಳ ನಡೆಸಬೇಕೆಂಬುದು ಅವರ ಆಸೆ. ಮಗನ ಕೈಯಲ್ಲಿದ್ದದ್ದು ಕರೆಂಟು ಕುಡಿಯುವ ಗಿಟಾರು. ಅಗಸ್ಟಿನಲ್ಲಿ ಒಂದು ದಿನ ಅವರು ನಮ್ಮೆದುರು ಮಣೆ ಹಾಕಿಕೊಂಡು ಕೂತರು.

"ಹೊಸ ತೆನಿ ಹಬ್ಬ ಬಂತು. ಒಂದ ಹಾಡಿಗೆ ಫಾದರ್ ಕಡೆ ಪರವಾನಗಿ ಕೇಳೇನಿ. ನನ್ನ ಮೇಳದಾಗ ಐದ ಮಂದಿ ಮುದುಕೇರು ಅದಾರ. ಹಾಡ ಮುಗಿಯೂತನಕ ಐದೂ ಮಂದಿ ಕುಂತಿದ್ರು ಅಂದ್ರ ನಿಮ್ಮ ಬ್ಯಾಂಡ್ ಇರಲಿ, ನಾ ಇನ್ನ ಒಂದ ಮಾತ ಆಡಂಗಿಲ್ಲ. ಒಬ್ಬಾಕಿ ಎದ್ದಳೋ, ಗಿಟಾರ್ ಪೆಟಿಗ್ಯಾಗ, ಪೆಟಿಗಿ ಅಟ್ಟದ ಮ್ಯಾಲೆ, ಸಂತಾನ ಪಿಟೀಲಿಗೆ. ಮತ್ತ ಈ ಶರತ್ತ ಆ ಮುದುಕೇರಿಗೆ ತಿಳೀಬಾರದು. ಖರೇ ಅಂದ್ರ ಖರೇ. ಏನಂತೀ?"

ಸಂತಾನ "ಹೂಂ," ಎಂದ. ಆ ಐವರಲ್ಲಿ ಮುಂದಾಳು ರೋಜಿನ ಮಾಂಯ್; ಮಾಂಯ್ ಎಂದರೆ ಅವರ ಕೊಂಕಣಿಯಲ್ಲಿ ಅವ್ವ. ಚರ್ಚಿನಲ್ಲಿ ಫಾದರ್ ಮಾತು ಉದ್ದವಾದರೆ ಕೆಮ್ಮಿ ಮುಗಿಸುವವಳು ಆಕೆ. ಇಪ್ಪತ್ತು ವರ್ಷ ಅದೇ ಕಾರಖಾನೆಯಲ್ಲಿ ಹಂಚು ಹೊತ್ತವಳು. ಗದರಿದರೆ ಹಸಿ ಹಂಚು ಬೆಂಕಿಯಿಲ್ಲದೆ ಸುಟ್ಟುಕೊಳ್ಳುತ್ತದೆ ಎಂಬುದು ಖಾನಾಪುರದ ನಂಬಿಕೆ, ಅಥವಾ ನನ್ನದು.

ಹಬ್ಬದ ದಿನ ಬಂತು. ಹೊಸ ಭತ್ತದ ತೆನೆಗಳನ್ನು ಚರ್ಚಿಗೆ ತಂದು, ಆಶೀರ್ವಾದ ಪಡೆದು, ಮೆರವಣಿಗೆಯಲ್ಲಿ ಮನೆಮನೆಗೆ ಹಂಚುವ ಹಬ್ಬ. ಹಾಡು ಮೂರು ಗಂಟೆಗೆ, ಚರ್ಚಿನೊಳಗೆ. ಐದರ ಗಾಡಿಗೆ ನಾನು ಊರಿಗೆ, ಮನೆಯಲ್ಲಿ ಊಟ. ಅದಕ್ಕೇ ಅಂದು ರೊಟ್ಟಿಯ ಡಬ್ಬಿ ತರಲಿಲ್ಲ. ತಂದದ್ದು ಬೇರೆ ಡಬ್ಬಿ. ಚುರಮುರಿಯನ್ನೆಲ್ಲ ತಲೆದಿಂಬಿನ ಚೀಲಕ್ಕೆ ಸುರಿದು, ಖಾಲಿ ಡಬ್ಬಿಯನ್ನು ಗೋಣಿಯಲ್ಲಿ ಮುಚ್ಚಿ, ಆಯಿಯ ಕಣ್ಣು ತಪ್ಪಿಸಿ ಒಯ್ದಿದ್ದೆ. ಠಣ್ ಇಲ್ಲದೆ ಹೋಗಿ ಐದು ಮುದುಕಿಯರನ್ನು ಗೆಲ್ಲುವುದೆಂತು?

ಮುಂಜಾನೆ ಪೂಜೆಗೆ ಮೊದಲು, ಖಾಲಿ ಚರ್ಚಿನಲ್ಲಿ, ಒಂದು ಸಲ ನೋಡೋಣವೆಂದು ಬಸು ಗುಂಡಿ ಒತ್ತಿದ. ಸಂತಾನ ಒಂದು ತಂತಿ ಮೀಟಿದ. ನಾನು ಒಂದು ಏಟು ಹಾಕಿದೆ.

ಗೆಳೆಯರೆ, ಇಲ್ಲಿ ನಾನು ಏನೂ ಹೆಚ್ಚು ಮಾಡಿ ಹೇಳುತ್ತಿಲ್ಲ. ಆ ಏಟು ಬಲಿಪೀಠದವರೆಗೆ ಹೋಗಿ, ನಮಸ್ಕಾರ ಮಾಡಿ, ಮಾಡಿಗೆ ಹತ್ತಿ, ಗೋಡೆಗುಂಟ ಇಳಿದು, ನನ್ನ ಬೆನ್ನಿಗೆ ಬಂದು ಬಡಿಯಿತು. ಆಮೇಲೂ ಸುಮ್ಮನಾಗದೆ ಎರಡನೆಯ ಪ್ರದಕ್ಷಿಣೆಗೆ ಹೊರಟಿತು. ಗಂಟೆಗೋಪುರದ ಪಾರಿವಾಳಗಳು ಒಂದೇ ಸಲಕ್ಕೆ ಎದ್ದು ಲೋಂಡಾದ ಕಡೆಗೆ ಹೋದವು. ಫಾದರ್ ಎರಡೂ ಕಿವಿ ಮುಚ್ಚಿಕೊಂಡೇ ಓಡಿ ಬಂದು, ನಾವು ಏನೂ ಹೇಳುವ ಮೊದಲೇ, "ಒಳಗ ಬ್ಯಾಡ್ರಪಾ ಮಕ್ಕಳ್ರ್ಯಾ, ಒಳಗ ಬ್ಯಾಡ. ದೇವರು ನೂರ ವರ್ಷದಿಂದ ಇಲ್ಲೇ ಅದಾನ, ಓಡಿಸಬ್ಯಾಡ್ರಿ," ಎಂದರು.

ನಾವು ಮೂವರೂ ಬಾಯಿ ತೆರೆದು ನಿಂತೆವು. ಇಷ್ಟು ದೊಡ್ಡ ಸದ್ದು ನಮ್ಮದೇ? ನಮ್ಮ ಸೌಮ್ಯ ಬ್ಯಾಂಡಿನದೇ? ಇನಾಸ ಮಾಸ್ತರರು ಮಾತ್ರ ಬಾಗಿಲಿಗೆ ಒರಗಿ ಮೀಸೆಯಡಿ ನಗುತ್ತಿದ್ದರು.

"ಹುಚ್ಚಪ್ಪಗೋಳ್ರ್ಯಾ, ಹಸಿ ಹಂಚ ಸಪ್ಪಳಾ ನುಂಗತಾವು. ಅದಕ್ಕ ಅಲ್ಲೆ ಕೂಲ್ಯಾರು ಬಾಜೂಕ ನಿಂತಾಂವ್ನೂ ಕೂಗಿ ಕರೀತಾರ. ನಿಮಗ ಕಡಿಮಿ ಕೇಳ್ತಂತ ಏರಿಸ್ಕೋತ ಏರಿಸ್ಕೋತ ಹೋಗೀರಿ. ನಾ ಪಿಟೀಲು ಕಲಿಯಾಕ ಆ ಶೆಡ್ಡ ಯಾಕ ಹಿಡಿದಿದ್ನಿ ಅಂತೀರಿ? ನನ್ನ ಅಪಸ್ವರಾನೂ ಐದ ವರ್ಷ ಹಂಚ ನುಂಗ್ಯಾವು."

ಸಂತಾನ ತಲೆಯೆತ್ತಲಿಲ್ಲ. ಸದ್ದು ಇಳಿಸಿ ಹಾಡಬಹುದಾಗಿತ್ತು, ಆದರೆ ಪಿಸುಗುಟ್ಟುವ ಹೆವಿ ಮೆಟಲ್ಲೆಂದರೆ ಉಪ್ಪಿನಕಾಯಿಯನ್ನು ತೊಳೆದು ತಿಂದಂತೆ. ಅವನು ಗಿಟಾರಿನ ತಂತಿ ಸಡಿಲಿಸತೊಡಗಿದ್ದನ್ನು ಮಾಸ್ತರರು ನೋಡಿದರು.

"ಮೆರವಣಿಗಿ ಕಡೀಕ ಕಾರಖಾನಿಗೆ ಬರತೈತಿ, ಭಟ್ಟಿ ಬಾಯಿಗೆ ತೆನಿ ಕಟ್ಟಾಕ. ಅಲ್ಲೇ ಶೆಡ್ಡಿನ್ಯಾಗ ಹಾಡ್ರಿ. ಸೋಲಾಕರ ನಿಮಗೊಂದ ಜಾಗಾ ಬೇಕಲ್ಲ."

ನಾನು ಮನಸ್ಸಿನಲ್ಲೇ ಸೂರ್ಯನನ್ನು ಅಳೆದೆ. ಮೆರವಣಿಗೆ ಶೆಡ್ಡು ಮುಟ್ಟುವಾಗ ಆರು ದಾಟುತ್ತದೆ. ಐದರ ಗಾಡಿ ಹೋಗಿರುತ್ತದೆ. ಹಬ್ಬದ ಊಟದಲ್ಲಿ ನನಗೆ ನಡೆಯುವಂಥದು ಬಾಳೆಎಲೆಯೊಂದೇ. ಅಂದರೆ ಮಧ್ಯಾಹ್ನ ಸಂತಾನನ ಅವ್ವ ಬೇರೆ ಮಾಡಿ ಬಡಿಸುವ ಅನ್ನ-ತೊವ್ವೆಯ ಮೇಲೆ ಮರುದಿನ ಸೂರ್ಯ ಹುಟ್ಟುವವರೆಗೆ ನೀರೂ ಇಲ್ಲ. ಗೆಳೆಯನಿಗಾಗಿ ಉಪವಾಸ! ಈ ಕಲ್ಪನೆ ನನಗೆ ಎಷ್ಟು ಹಿಡಿಸಿತೆಂದರೆ ಹಸಿವು ಬರುವ ಮೊದಲೇ ಮುಖ ಬಾಡಿಸಿಕೊಂಡೆ. ಮೆರವಣಿಗೆಯಲ್ಲಿ ಪಕ್ಕಕ್ಕೆ ಬಂದ ರೋಜಿನ ಮಾಂಯ್, ಎಲ್ಲ ಮುದುಕಿಯರೂ ಎಲ್ಲ ಹುಡುಗರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ಉಂಡೀಯೇನೋ ಮಗಾ?"

"ನಮ್ಮಲ್ಲೆ ಹೊತ್ತ ಮುಳಗಿಂದ ನೀರೂ ಮುಟ್ಟಂಗಿಲ್ಲ ಮಾಂಯ್. ಮನಿಗೆ ಹೋಗೂದು ಆಗಲಿಲ್ಲ. ಇರ್ಲಿ ಬಿಡ್ರಿ, ದೇವರ ಕೆಲಸಕ್ಕ ಒಂದ ರಾತ್ರಿ ಏನ್ ದೊಡ್ಡದು," ಎಂದೆ, ಹುತಾತ್ಮನ ಧ್ವನಿಯಲ್ಲಿ, ಹತ್ತು ಜನರಿಗೆ ಕೇಳುವಂತೆ.

ಆಕೆ ಪಡುವಣ ದಿಕ್ಕಿಗೊಮ್ಮೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಸೀರೆಯ ನೆರಿಗೆ ಎತ್ತಿ ಕಟ್ಟಿ, ಗುಂಪಿನಲ್ಲಿ ಹಿಂದೆ ಉಳಿದಳು.

ಶೆಡ್ಡಿನಲ್ಲಿ ಬೆಂಚು ಹಾಕಿತ್ತು. ಐದು ಮುದುಕಿಯರು ಮುಂದಿನ ಸಾಲಿನಲ್ಲಿ, ರೋಜಿನ ಮಾಂಯ್ ಎಲ್ಲರಿಗಿಂತ ಕೊನೆಗೆ ಏದುಸಿರು ಬಿಡುತ್ತ ಬಂದು, ಕೈಯಲ್ಲಿಯ ಗಂಟೊಂದನ್ನು ಬೆಂಚಿನ ಕೆಳಗಿಟ್ಟು ಕೂತಳು. ಮಾಸ್ತರರು ಅವರ ಹಿಂದೆಯೇ ನಿಂತರು. ಮಳೆ ಬಿಡುವು ಕೊಟ್ಟಿತ್ತು; ಶೆಡ್ಡಿನ ತೆರೆದ ಬದಿಯಿಂದ ಇಳಿಬಿಸಿಲು ಒಳಗೆ ಬಂದು ಹಸಿ ಹಂಚುಗಳನ್ನೆಲ್ಲ ಆಗಲೇ ಸುಟ್ಟುಬಿಟ್ಟಂತೆ ಕೆಂಪಗೆ ಮಾಡಿತ್ತು. ಹಾಡು ಶುರುವಾಯಿತು. ಸಂತಾನ ಕಣ್ಣು ಮುಚ್ಚಿ ಕೂಗಿದ. ಹಂಚುಗಳು ತಮ್ಮ ಪಾಲನ್ನು ನುಂಗಿ, ಮನುಷ್ಯರಿಗೆ ಬೇಕಾದಷ್ಟನ್ನೇ ಬಿಟ್ಟುಕೊಟ್ಟವು. ಒಬ್ಬ ಮುದುಕಿ ಶಿಲುಬೆಯ ಗುರುತು ಮಾಡಿಕೊಂಡಳು. ಇನ್ನೊಬ್ಬಳು ಸೆರಗು ಕಿವಿಗೆ ಒತ್ತಿಕೊಂಡಳು, ಆದರೂ ಕೂತಿದ್ದಳು. ರೋಜಿನ ಮಾಂಯ್ ಮಾತ್ರ ನಮ್ಮತ್ತ ನೋಡುತ್ತಲೇ ಇರಲಿಲ್ಲ. ಆಕೆಯ ಕಣ್ಣು ಬಯಲಿನಾಚೆಯ ಸೂರ್ಯನ ಮೇಲಿತ್ತು. ನಾವು ಆಕೆಗೆ ಅಷ್ಟೊಂದು ಬೇಡವಾಗಿದ್ದೇವೆ ಎಂದುಕೊಂಡೆ.

ಎರಡನೆಯ ಚರಣದ ನಟ್ಟನಡುವೆ ಆಕೆ ಎದ್ದುನಿಂತಳು.

ಆಕೆ ಬಾಯಿ ತೆರೆದು ಏನೋ ಕೂಗಿದಳು, ಕೇಳಲಿಲ್ಲ. ಮತ್ತೆ ಕೂಗಿದಳು. ಬಗ್ಗಿ ಗಂಟಿನಿಂದ ಒಂದು ಹಿತ್ತಾಳೆಯ ಸೌಟು ಎಳೆದು, ನೆಟ್ಟಗೆ ನನ್ನ ಹತ್ತಿರ ಬಂದು, ಚುರಮುರಿ ಡಬ್ಬಿಯ ಮುಚ್ಚಳದ ಮೇಲೆ ಇಪ್ಪತ್ತು ವರ್ಷ ಹಂಚು ಹೊತ್ತ ತೋಳಿನಿಂದ ಒಂದು ಏಟು ಹಾಕಿದಳು.

ಠಣ್!

ಅಂಥ ಠಣ್ ನಮ್ಮ ಬ್ಯಾಂಡಿನ ಇತಿಹಾಸದಲ್ಲಿ ಮೊದಲೂ ಇಲ್ಲ, ಆಮೇಲೂ ಇಲ್ಲ. ಎಲ್ಲ ನಿಂತುಹೋಯಿತು.

"ಎಷ್ಟ ಒದರತೀರೋ! ಹೊತ್ತ ಮುಳಗಾಕತ್ತೈತಿ, ಈ ಹುಡುಗ ಉಂಡಿಲ್ಲ! ದೇವರು ಎಲ್ಲೆ ಓಡಿ ಹೊಕ್ಕಾನ, ಇರ್ತಾನ. ಸೂರ್ಯಾ ಇರ್ತಾನೇನು? ತಗೋ, ಉಣ್ಣು ಮೊದಲ."

ಗಂಟಿನಲ್ಲಿದ್ದದ್ದು ಬಾಳೆಎಲೆ, ಎಲೆಯ ಮೇಲೆ ಹೊಸ ಭತ್ತದ ಅವಲಕ್ಕಿ, ಕಾಯಿತುರಿ, ಬೆಲ್ಲ. "ಉಳ್ಳಾಗಡ್ಡಿ ವಾಸನೀನೂ ಸೋಂಕಿಲ್ಲ, ತೊಳೆದ ಪಾತೇಲಿ," ಎಂದು ಆಕೆ ಸೇರಿಸಿದಳು. ಮೆರವಣಿಗೆ ಬಿಟ್ಟು ಮನೆಗೆ ಹೋಗಿ ಬಂದದ್ದು ಇದಕ್ಕೆ.

ನನ್ನ ಬಾಜೂಕೆ ಸಂತಾನ ಗಿಟಾರಿನ ವಾಯರು ಕೀಳುತ್ತಿದ್ದ. ಕರಾರು ಕರಾರೇ, ಹಾಡು ಮುಗಿದಿಲ್ಲ, ಒಬ್ಬಳು ಎದ್ದಿದ್ದಾಳೆ. ಅವನು ಯಾರನ್ನೂ ನೋಡದೆ ಪೆಟ್ಟಿಗೆಯ ಮುಚ್ಚಳ ತೆರೆದು, ಗಿಟಾರನ್ನು ಒಳಗೆ ಮಲಗಿಸಿದ. ಮಾಸ್ತರರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ನನ್ನ ಬಾಯಲ್ಲಿ ಅವಲಕ್ಕಿ. ನನ್ನ ಹುತಾತ್ಮತನದ ಜಂಬವೇ ಗೆಳೆಯನ ಗಿಟಾರನ್ನು ನುಂಗಿತ್ತು.

"ಅದ್ಯಾಕೋ ಪೆಟಿಗ್ಯಾಗ ಇಡಾಕತ್ತಿ?" ರೋಜಿನ ಮಾಂಯ್ ಗದರಿದಳು. "ನಾ ನಡುವ ಎದ್ದೆ, ಹಾಡ ಅರ್ಧಾ ತಿಳೀಲಿಲ್ಲ. ಹಸಿ ಮಣ್ಣು, ಸುಡು ದೇವಾ ಅಂತ ಏನೋ ಬಂತಲ್ಲ... ನಮ್ಮ ಹಂಚಿಂದಲ್ಲೇನೋ ಅದು? ಇಂವ ಉಣ್ಣಲಿ. ಆಮ್ಯಾಲ ಮೊದಲಿಂದ ಹಾಡ್ರಿ."

ಸಂತಾನ ಅಪ್ಪನನ್ನು ನೋಡಿದ. ಮಾಸ್ತರರು ಅಟ್ಟಣೆಯ ಒಂದು ಹಂಚನ್ನು ಸುಮ್ಮನೆ ಮುಟ್ಟಿ ನೋಡುತ್ತ ನಿಂತರು, ಹದ ಬಂದಿದೆಯೋ ಇಲ್ಲವೋ ಎಂದು ನೋಡುವವರಂತೆ.

"ಹಾಡಿಗೆ ಎದ್ದಿಲ್ಲ ಆಕಿ, ಹೊಟ್ಟಿಗೆ ಎದ್ದಾಳ," ಎಂದರು ಕೊನೆಗೆ. "ಮತ್ತ, ಮುಗಿಯೂತನಕ ಅಂದಿದ್ನಿ. ಇನ್ನ ಎಲ್ಲಿ ಮುಗದೈತಿ? ತಗೀ ಹೊರಗ."

ಹೀಗೆ, ಒಂದು ಹೆವಿ ಮೆಟಲ್ ಹಾಡು, ಅದರ ಡ್ರಮ್ಮಿನವನು ಅವಲಕ್ಕಿ ತಿಂದು ಮುಗಿಸಲೆಂದು, ಇಡೀ ಊರಿನೆದುರು ಕಾದು ನಿಂತಿತು. ಫಾದರ್ ಕಾದರು. ತೆನೆ ಹಿಡಿದ ಮಕ್ಕಳು ಕಾದರು. ಎಲ್ಲರೂ ಒಮ್ಮೆ ನನ್ನ ಎಲೆಯನ್ನು, ಒಮ್ಮೆ ಸೂರ್ಯನನ್ನು ನೋಡುತ್ತಿದ್ದರು, ಯಾರೋ, "ಲಗೂ ಲಗೂ, ಇನ್ನ ನಾಕ ಬೆರಳ ಐತಿ!" ಎಂದು ಕೂಗಿ ಹುರಿದುಂಬಿಸಿದರು. ನಮ್ಮ ಮನೆಯ ಒಂದು ನೇಮವನ್ನು ನಾನು ಇಷ್ಟು ದಿನ ಕಾಲಿನ ಹಗ್ಗವೆಂದುಕೊಂಡಿದ್ದೆ. ಆ ಸಂಜೆ ನೋಡಿದರೆ ಅದರ ಇನ್ನೊಂದು ತುದಿಯನ್ನು ಖಾನಾಪುರದ ಅಷ್ಟೂ ಜನ ಹಿಡಿದು ನಿಂತಿದ್ದರು, ನಾನು ಬೀಳದಂತೆ. ಕೊನೆಯ ತುತ್ತು, ಒಂದು ಲೋಟ ನೀರು. ಸೂರ್ಯ ಗದ್ದೆಯಾಚೆ ಇಳಿದ. ಸಂತಾನ ಮೊದಲಿನಿಂದ ಹಾಡಿದ. ಐವರೂ ಕೂತಿದ್ದರು, ಸೆರಗು ಒತ್ತಿಕೊಂಡಾಕೆ ಒಂದು ಕಿವಿ ಬಿಚ್ಚಿದ್ದಳು. ಸುಡು ದೇವಾ ಎಂಬಲ್ಲಿ ರೋಜಿನ ಮಾಂಯ್ ಬೆಂಚಿನ ಅಂಚಿಗೆ ಸೌಟಿನಿಂದ ತಾಳ ಹಾಕಿದಳು, ತಪ್ಪು ತಾಳ, ಆದರೆ ನಾನು ಅವಳ ಹಿಂದೆಯೇ ಹೋದೆ. ಹಾಡು ಮುಗಿದಾಗ ಮಾಸ್ತರರು ಮಗನ ಹತ್ತಿರ ಬಂದು ಹೇಳಿದ್ದು ಇಷ್ಟೇ: "ಎರಡನೇ ತಂತಿ ಇಳದೈತಿ. ಬಿಗಿ."

ಅಂದಿನಿಂದ ಗಿಟಾರ್ ಅಟ್ಟ ಹತ್ತಿಲ್ಲ. ತಾಲೀಮು ಈಗಲೂ ರವಿವಾರ, ಶೆಡ್ಡಿನಲ್ಲಿ, ಐದರ ಒಳಗೆ. ಮಾಸ್ತರರು ಆಗಾಗ ಪಿಟೀಲು ತಂದು ಮೂಲೆಯಲ್ಲಿ ಕೂತು, ನಮಗೆ ಸಂಬಂಧವಿಲ್ಲದವರಂತೆ ನಮ್ಮದೇ ರಾಗ ನುಡಿಸುತ್ತಾರೆ.

ಮರುದಿನ ಬೆಳಿಗ್ಗೆ ಗೋಣಿಯೊಂದಿಗೆ ಮನೆ ಹೊಕ್ಕಾಗ ಆಯಿ ತಲೆದಿಂಬು ಹಿಡಿದು ಬಾಗಿಲಲ್ಲೇ ಕೂತಿದ್ದಳು. ಎಲ್ಲ ಹೇಳಿದೆ, ಈ ಸಲ ಎರಡರಷ್ಟು ಮಾಡದೆ. ಆಕೆ ಕೇಳಿದ್ದು ಎರಡೇ ಪ್ರಶ್ನೆ: "ಮುಳಗೂದ್ರಾಗ ಉಂಡಿ ಹೌದಿಲ್ಲೋ?" ಮತ್ತು, "ಆಕಿ ಮನೀಗೆ ಹೋಗಿ ಮಾಡ್ಕೊಂಡ ಬಂದಳಾ?" ಆಮೇಲೆ ಡಬ್ಬಿಯನ್ನು ಎಳೆದುಕೊಂಡು, ಎರಡನೆಯ ನೆಗ್ಗನ್ನು ಬೆರಳಿನಿಂದ ಸವರಿ, ಚುರಮುರಿ ಸುರಿದು ಮುಚ್ಚಳ ಒತ್ತಿದಳು. ಟಕ್ ಎಂದು ಕೂತಿತು. ನನ್ನ ಏಟಿಗೆ ಎಡಕ್ಕೆ ಬಾಯಿ ಬಿಟ್ಟಿದ್ದ ಮುಚ್ಚಳ, ರೋಜಿನ ಮಾಂಯಿಯ ಏಟಿಗೆ ಬಲಗಡೆಯಿಂದ ಸರಿಯಾಗಿ ಬಾಯಿ ಮುಚ್ಚಿಕೊಂಡಿತ್ತು. ಹೊರಗೆ ಮಳೆ ಹೊಯ್ಯುತ್ತಿದ್ದರೂ ಆ ವಾರದ ಚುರಮುರಿ ಗರಿಗರಿಯಾಗಿಯೇ ಉಳಿಯಿತು.

ಈಗ ಸಂಜೆ ಐದಾಗುತ್ತ ಬಂದಿದೆ. ಆಯಿ ಡಬ್ಬಿ ಇಳಿಸಿದ್ದಾಳೆ. ಮುಚ್ಚಳ ಅಷ್ಟು ಬಿಗಿಯಾಗಿರುವುದರಿಂದ ಅದನ್ನು ತೆಗೆಯಲು ಒಂದೇ ಉಪಾಯ: ಬಲಗಡೆಯ ತೆಗ್ಗಿನಲ್ಲಿ ಹೆಬ್ಬೆರಳಿಟ್ಟು ಒತ್ತಬೇಕು. ಖಾನಾಪುರದ ಸೌಟಿನ ಗುರುತಿಗೂ ಬೆಳಗಾವಿಯ ಮುದುಕಿಯ ಹೆಬ್ಬೆರಳಿಗೂ ಅಳತೆ ಹಿಡಿದಂತೆ ಕೂಡುತ್ತದೆ. ಒತ್ತಿದ ಕೂಡಲೆ ಅದು ಸಣ್ಣಗೆ ಠಣ್ ಎನ್ನುತ್ತದೆ. ನಾನು ಎದ್ದು ಕೈ ತೊಳೆಯಲು ಹೋಗುತ್ತೇನೆ.